ನವಜಾತ ಶಿಶುವಿಗೆ ಸುರಕ್ಷಿತ ತೊಟ್ಟಿಲಿನ ಆಯ್ಕೆ: ಪೋಷಕರಿಗೆ ಮಾಹಿತಿ

ಪೀಠಿಕೆ

ನವಜಾತ ಶಿಶುವು ದಿನದ 24 ಗಂಟೆಗಳಲ್ಲಿ ಸುಮಾರು 16 ಗಂಟೆಗಳನ್ನು ನಿದ್ರೆಯಲ್ಲಿಯೇ ಕಳೆಯುತ್ತದೆ. ಆದುದರಿಂದ ಶಿಶುವು ಮಲಗುವ ಸ್ಥಳದ ಬಗ್ಗೆ ಎದೆಹಾಲು ಮತ್ತು ಲಸಿಕೆಗಳಿಗೆ ನೀಡುವಷ್ಟೇ ಗಮನ ನೀಡುವುದು ಅವಶ್ಯಕ. ತಾಯಿಯ ಮಂಚದ ಪಕ್ಕಕ್ಕೆ ಜೋಡಿಸುವ, ಅಂಗಡಿಗಳಲ್ಲಿ ಬೆಡ್‌ಸೈಡ್ ಕ್ರಿಬ್ ಎಂದು ಕರೆಯಲಾಗುವ ತೊಟ್ಟಿಲುಗಳು ಈಗ ನಗರ ಪ್ರದೇಶಗಳಲ್ಲಿ ಬಳಕೆಗೆ ಬಂದಿವೆ. ಇದರೊಂದಿಗೆ ಮರದ ತೂಗುತೊಟ್ಟಿಲು, ಸೀರೆಯ ಜೋಲಿ, ಕಬ್ಬಿಣದ ಸ್ಟ್ಯಾಂಡಿಗೆ ತೂಗುಹಾಕುವ ಸ್ಪ್ರಿಂಗ್ ತೊಟ್ಟಿಲು ಇವೆಲ್ಲವೂ ರಾಜ್ಯದಾದ್ಯಂತ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದನ್ನು ಆಯ್ಕೆ ಮಾಡಿಕೊಳ್ಳಬೇಕು, ಮನೆಯಲ್ಲಿರುವುದನ್ನೇ ಬಳಸುವುದಾದರೆ ಏನನ್ನು ಪರೀಕ್ಷಿಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಮುಖ್ಯ ನಿಯಮವು ಒಂದೇ ಆಗಿರುತ್ತದೆ. ತೊಟ್ಟಿಲು ಯಾವ ಬಗೆಯದೇ ಆಗಿರಲಿ, ಎಷ್ಟೇ ಬೆಲೆಯದಾಗಿರಲಿ, ಶಿಶುವು ನಿದ್ರಿಸುವ ಜಾಗವು ಸಮತಟ್ಟಾಗಿ, ಗಟ್ಟಿಯಾಗಿ ಮತ್ತು ಬರಿದಾಗಿ ಇರತಕ್ಕದ್ದು. ಶಿಶುವನ್ನು ಪ್ರತಿ ಬಾರಿಯೂ, ಹಗಲಿನಲ್ಲಿಯೂ ರಾತ್ರಿಯಲ್ಲಿಯೂ, ಬೆನ್ನಿನ ಮೇಲೆ ಅಂಗಾತವಾಗಿ ಮಲಗಿಸತಕ್ಕದ್ದು.

ಈ ನಿಯಮಕ್ಕೆ ಕಾರಣಗಳು

ನವಜಾತ ಶಿಶುವಿನ ತಲೆಯು ದೇಹದ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಕುತ್ತಿಗೆಯ ಸ್ನಾಯುಗಳು ದುರ್ಬಲ. ಇಳಿಜಾರಾದ ಅಥವಾ ಬಾಗಿದ ಜಾಗದಲ್ಲಿ ಮಲಗಿಸಿದಾಗ ತಲೆಯು ಮುಂದಕ್ಕೆ ಬಾಗಿ, ಗಲ್ಲವು ಎದೆಗೆ ತಾಗಿ, ಉಸಿರಿನ ದಾರಿಯು ಕಿರಿದಾಗುತ್ತದೆ. ಮೆತ್ತನೆಯ ಹಾಸಿಗೆಯಲ್ಲಿ ಮುಖವು ಹುದುಗಿದರೆ ಶಿಶುವು ತಾನು ಹೊರಬಿಟ್ಟ ಗಾಳಿಯನ್ನೇ ಮರಳಿ ಸೇವಿಸುವಂತಾಗುತ್ತದೆ. ದೊಡ್ಡವರು ಇಂತಹ ಸಂದರ್ಭದಲ್ಲಿ ಎಚ್ಚೆತ್ತು ಮಗ್ಗುಲು ಬದಲಿಸುತ್ತಾರೆ. ಶಿಶುವಿಗೆ ಅದು ಸಾಧ್ಯವಿಲ್ಲ, ಅಳುವುದಕ್ಕೂ ಆಗದಿರಬಹುದು. ಆದ್ದರಿಂದ ಈ ಅಪಾಯವು ಪಕ್ಕದಲ್ಲಿಯೇ ಇರುವವರಿಗೂ ಗೊತ್ತಾಗದಂತೆ ಸಂಭವಿಸುತ್ತದೆ.

ಅಮೆರಿಕದಲ್ಲಿ ಶಿಶುಗಳನ್ನು ಅಂಗಾತವಾಗಿ ಮಲಗಿಸುವಂತೆ ತಿಳಿಹೇಳುವ ಸಾರ್ವಜನಿಕ ಅಭಿಯಾನವು 1994 ರಲ್ಲಿ ಆರಂಭವಾಯಿತು. ನಂತರದ ಸುಮಾರು ಹತ್ತು ವರ್ಷಗಳಲ್ಲಿ ಅಲ್ಲಿ ಶಿಶುಗಳ ಹಠಾತ್ ಮರಣದ ಪ್ರಮಾಣವು ಸರಿಸುಮಾರು ಅರ್ಧಕ್ಕೆ ಇಳಿಯಿತು. ಇದಕ್ಕೆ ಹೊಸ ಔಷಧವಾಗಲೀ ಉಪಕರಣವಾಗಲೀ ಬೇಕಾಗಿರಲಿಲ್ಲ ಎಂಬುದು ಗಮನಾರ್ಹ.

ಮಂಚಕ್ಕೆ ಜೋಡಿಸುವ ತೊಟ್ಟಿಲು

ಈ ಬಗೆಯ ತೊಟ್ಟಿಲಿಗೆ ಮೂರು ಬದಿಗಳು ಎತ್ತರವಾಗಿದ್ದು, ತಾಯಿಯ ಕಡೆಗಿರುವ ನಾಲ್ಕನೆಯ ಬದಿಯನ್ನು ತಗ್ಗಿಸಲು ಬರುತ್ತದೆ. ತಾಯಿಯು ಎದ್ದು ನಡೆಯದೆ ಶಿಶುವನ್ನು ಎತ್ತಿಕೊಂಡು ಹಾಲೂಡಿಸಬಹುದು. ಶಿಶುವಿಗೆ ಪ್ರತ್ಯೇಕ ಸ್ಥಳವೂ ತಾಯಿಯ ಸಾಮೀಪ್ಯವೂ ಒಟ್ಟಿಗೆ ದೊರೆಯುತ್ತವೆ. ಸಿಸೇರಿಯನ್ ಶಸ್ತ್ರಚಿಕಿತ್ಸೆಯಾದ ಬಾಣಂತಿಯರಿಗೆ ಇದು ವಿಶೇಷವಾಗಿ ಅನುಕೂಲ. ಶಿಶುವನ್ನು ಕನಿಷ್ಠ ಮೊದಲ ಆರು ತಿಂಗಳು ತಾಯಿಯ ಕೋಣೆಯಲ್ಲಿಯೇ, ಆದರೆ ಪ್ರತ್ಯೇಕ ಹಾಸಿಗೆಯಲ್ಲಿ ಮಲಗಿಸುವುದು ಉತ್ತಮವೆಂದು ಅಮೆರಿಕದ ಮಕ್ಕಳ ತಜ್ಞರ ಸಂಘವು 2022 ರ ತನ್ನ ಶಿಫಾರಸಿನಲ್ಲಿ ತಿಳಿಸಿದೆ.

ಖರೀದಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸುವುದು:

1. ಮಂಚದ ಎತ್ತರ: ಮನೆಯಲ್ಲಿ ಮಂಚದ ಹಾಸಿಗೆಯ ಮೇಲ್ಭಾಗದವರೆಗಿನ ಎತ್ತರವನ್ನು ಅಳೆದುಕೊಂಡು ಅಂಗಡಿಗೆ ಹೋಗುವುದು. ಆ ಎತ್ತರಕ್ಕೆ ಹೊಂದದ ತೊಟ್ಟಿಲನ್ನು ಇಟ್ಟಿಗೆ ಅಥವಾ ಹಲಗೆಯಿಟ್ಟು ಸರಿಪಡಿಸಬಾರದು.

2. ಬಂಧನ: ತೊಟ್ಟಿಲನ್ನು ಮಂಚಕ್ಕೆ ಬಿಗಿಯುವ ಪಟ್ಟಿಗಳು ತೊಟ್ಟಿಲಿನ ಜೊತೆಯಲ್ಲಿಯೇ ಬಂದಿರಬೇಕು. ಬಿಗಿದ ನಂತರ ಕೈಯಿಂದ ತಳ್ಳಿದರೂ ಎಳೆದರೂ ತೊಟ್ಟಿಲು ಸರಿಯಬಾರದು. ಕೆಳಗೆ ಗಾಲಿಗಳಿದ್ದರೆ ಅವುಗಳಿಗೆ ತಡೆ ಇರಬೇಕು.

3. ಸಂದು: ತೊಟ್ಟಿಲು ಮತ್ತು ಮಂಚದ ಹಾಸಿಗೆಯ ನಡುವೆ ಸಂದು ಇರಲೇಬಾರದು. ಈ ಬಗೆಯ ತೊಟ್ಟಿಲಿನಲ್ಲಿ ಅತ್ಯಂತ ಅಪಾಯಕರವಾದ ಜಾಗ ಇದೇ ಆಗಿರುತ್ತದೆ. ಸಂದನ್ನು ದಿಂಬು ಅಥವಾ ಕೌದಿಯಿಂದ ತುಂಬಿಸುವುದು ಪರಿಹಾರವಲ್ಲ. ಅದು ಮತ್ತೊಂದು ಅಪಾಯ. ರಾತ್ರಿಯಲ್ಲಿ ಮಂಚದ ಹಾಸಿಗೆ ಜರುಗಬಹುದಾದ್ದರಿಂದ ಪ್ರತಿದಿನ ಮಲಗುವ ಮುನ್ನ ಸಂದನ್ನು ಪರೀಕ್ಷಿಸುವುದು.

4. ತಗ್ಗಿಸುವ ಬದಿ: ಮೇಲೇರಿಸಿದಾಗ ಈ ಬದಿಯು ಸದ್ದಿನೊಂದಿಗೆ ಭದ್ರವಾಗಿ ಕೂಡಬೇಕು. ಕೋಣೆಯಲ್ಲಿ ಯಾರೂ ಇಲ್ಲದಿರುವಾಗ ಅದನ್ನು ಮೇಲೇರಿಸಿಯೇ ಇಡುವುದು.

5. ತೂಕ ಮತ್ತು ವಯಸ್ಸಿನ ಮಿತಿ: ತಯಾರಕರು ಸೂಚಿಸಿದ ಮಿತಿಯನ್ನು ಓದಿಕೊಳ್ಳುವುದು. ಶಿಶುವು ಮಗುಚಿಕೊಳ್ಳಲು, ಅಂಗೈ ಮಂಡಿಗಳ ಮೇಲೆ ಏಳಲು ಅಥವಾ ಕುಳಿತುಕೊಳ್ಳಲು ಪ್ರಯತ್ನಿಸಿದ ಕೂಡಲೇ, ಸೂಚಿಸಿದ ಮಿತಿ ಮುಗಿದಿರದಿದ್ದರೂ, ಇಂತಹ ತೊಟ್ಟಿಲಿನ ಬಳಕೆಯನ್ನು ನಿಲ್ಲಿಸತಕ್ಕದ್ದು.

ಎಲ್ಲ ಬಗೆಯ ತೊಟ್ಟಿಲುಗಳಿಗೆ ಅನ್ವಯಿಸುವ ಅಳತೆಗಳು

• ಕಂಬಿಗಳ ನಡುವಿನ ಅಂತರವು 6 ಸೆಂಟಿಮೀಟರ್‌ಗಿಂತ ಹೆಚ್ಚಿರಬಾರದು. ತಂಪು ಪಾನೀಯದ ಸಾಮಾನ್ಯ ಡಬ್ಬಿಯು ಕಂಬಿಗಳ ನಡುವೆ ತೂರುವಂತಿದ್ದರೆ ಅಂತರ ಹೆಚ್ಚಾಯಿತೆಂದು ತಿಳಿಯುವುದು.
• ಹಾಸಿಗೆ ಮತ್ತು ತೊಟ್ಟಿಲಿನ ಬದಿಗಳ ನಡುವೆ ಎರಡು ಬೆರಳುಗಳಿಗಿಂತ ಹೆಚ್ಚು ಜಾಗವಿರಬಾರದು.
• ಹಾಸಿಗೆಯನ್ನು ಅಂಗೈಯಿಂದ ಒತ್ತಿ ಬಿಟ್ಟಾಗ ಹಳ್ಳ ಉಳಿಯಬಾರದು. ಮೇಲುಹೊದಿಕೆಯು ನಾಲ್ಕೂ ಮೂಲೆಗಳಲ್ಲಿ ಬಿಗಿಯಾಗಿ ಕೂಡಬೇಕು.
• ತೊಟ್ಟಿಲು ನಿಂತಿರುವಾಗ ತಳವು ಮಟ್ಟವಾಗಿರಬೇಕು. ಒಂದು ನಿಂಬೆಹಣ್ಣನ್ನು ಹಾಸಿಗೆಯ ನಡುವೆ ಇಟ್ಟು, ಅದು ಉರುಳುವುದೋ ಇಲ್ಲವೋ ನೋಡಬಹುದು.
• ಮೊಳೆ, ಸಿಬಿರು, ಚೂಪಾದ ಅಂಚು, ಬಟ್ಟೆಯು ಸಿಕ್ಕಿಕೊಳ್ಳಬಹುದಾದ ಗುಬ್ಬಿಗಳು ಇರಬಾರದು.

ತೊಟ್ಟಿಲಿನೊಳಗೆ ಇರಬಾರದ ವಸ್ತುಗಳು

ದಿಂಬು, ಬದಿಗಳಿಗೆ ಕಟ್ಟುವ ಮೆತ್ತೆ, ದಪ್ಪ ರಜಾಯಿ, ಹತ್ತಿಯ ಬೊಂಬೆ, ಪ್ಲಾಸ್ಟಿಕ್ ಹಾಳೆ ಇವು ಯಾವುವೂ ಶಿಶುವಿನ ಬಳಿ ಇರಬಾರದು. ತಲೆಯು ದುಂಡಗಾಗಲೆಂದು ಸಾಸಿವೆಯ ದಿಂಬನ್ನು ಇಡುವ ರೂಢಿಯು ಅನೇಕ ಮನೆಗಳಲ್ಲಿದೆ. ಇದು ಅನಾವಶ್ಯಕ. ಶಿಶುವು ಎಚ್ಚರವಾಗಿರುವಾಗ, ಹಿರಿಯರ ಕಣ್ಣೆದುರಿನಲ್ಲಿ, ದಿನಕ್ಕೆ ಕೆಲವು ಬಾರಿ ಸ್ವಲ್ಪ ಹೊತ್ತು ಹೊಟ್ಟೆಯ ಮೇಲೆ ಮಲಗಿಸಿದರೆ ತಲೆಯ ಆಕಾರಕ್ಕೂ ಕುತ್ತಿಗೆಯ ಬಲಕ್ಕೂ ಸಹಾಯವಾಗುತ್ತದೆ.

ದೃಷ್ಟಿ ಪರಿಹಾರಕ್ಕಾಗಿ ಕಬ್ಬಿಣದ ಕತ್ತಿಯನ್ನು ಹಾಸಿಗೆಯ ಕೆಳಗೆ ಇಡುವವರು ಅದನ್ನು ಶಿಶುವಿನಿಂದ ದೂರದಲ್ಲಿ ಇಡುವುದು. ಕೊರಳಿಗೆ ತಾಯತ, ದಾರ ಅಥವಾ ಸರವನ್ನು ಹಾಕಿ ಮಲಗಿಸಬಾರದು. ತೊಟ್ಟಿಲಿನ ಮೇಲೆ ತೂಗುಬಿಡುವ ಆಟಿಕೆಗಳ ದಾರವು ಶಿಶುವಿನ ಕೈಗೆ ಎಟುಕಬಾರದು. ಆಟಿಕೆಗಳ ಮೇಲೆ ಐಎಸ್ಐ ಗುರುತು ಇರುವುದನ್ನು ನೋಡಿಕೊಳ್ಳುವುದು. 2021 ರ ಜನವರಿ 1 ರಿಂದ ಇದು ಕಡ್ಡಾಯವಾಗಿರುತ್ತದೆ.

ತೂಗುತೊಟ್ಟಿಲು ಮತ್ತು ಜೋಲಿ

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳು ನಾಡಿನಲ್ಲಿ ಹೆಸರಾದವು. ಇಂತಹ ತೊಟ್ಟಿಲುಗಳು ಮನೆತನದಲ್ಲಿ ತಲೆಮಾರುಗಳವರೆಗೆ ಉಳಿದು, ನಾಮಕರಣದ ದಿನ ಶಿಶುವನ್ನು ಅವುಗಳಲ್ಲಿಯೇ ಹಾಕುವುದುಂಟು. ತಳವು ಸಮತಟ್ಟಾದ ಹಲಗೆಯಾಗಿದ್ದು ಮೇಲೆ ತಿಳಿಸಿದ ಅಳತೆಗಳಿಗೆ ಹೊಂದುವುದಾದರೆ ಮರದ ತೊಟ್ಟಿಲಿನ ಬಳಕೆಗೆ ಅಡ್ಡಿಯಿಲ್ಲ. ಸರಪಳಿ, ಕೊಂಡಿ ಮತ್ತು ತೊಲೆಯನ್ನು ಪರೀಕ್ಷಿಸಿಕೊಂಡು, ಶಿಶುವು ನಿದ್ರೆಹೋದ ಬಳಿಕ ತೂಗುವುದನ್ನು ನಿಲ್ಲಿಸಿ, ತೊಟ್ಟಿಲು ಮಟ್ಟವಾಗಿ ನಿಲ್ಲುವಂತೆ ಮಾಡುವುದು.

ಹಳೆಯ ತೊಟ್ಟಿಲಿಗೆ ನಂತರದ ವರ್ಷಗಳಲ್ಲಿ ಅಂಗಡಿಯ ಬಣ್ಣವನ್ನು ಬಳಿದಿದ್ದರೆ ಎಚ್ಚರಿಕೆ ಅಗತ್ಯ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮವು 2017 ರ ನವೆಂಬರ್ 1 ರಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದಿನ ಬಣ್ಣವು ಹಕ್ಕಳೆಯಾಗಿ ಏಳುತ್ತಿದ್ದರೆ ಅಂತಹ ತೊಟ್ಟಿಲನ್ನು ಬಳಸದಿರುವುದು ಕ್ಷೇಮ. ಮನೆಯೊಳಗೆ ಅದನ್ನು ಉಜ್ಜಿ ಬಣ್ಣ ತೆಗೆಯಬಾರದು; ಸೀಸದ ಧೂಳು ಹರಡುತ್ತದೆ.

ಸೀರೆಯ ಜೋಲಿ ಮತ್ತು ಸ್ಪ್ರಿಂಗ್ ತೊಟ್ಟಿಲುಗಳಲ್ಲಿ ಶಿಶುವಿನ ಬೆನ್ನು ಬಾಗುತ್ತದೆ. ಬಟ್ಟೆಯು ಮುಖದ ಎರಡೂ ಬದಿಗೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ನವಜಾತ ಶಿಶುವನ್ನು ಇವುಗಳಲ್ಲಿ ರಾತ್ರಿ ನಿದ್ರೆಗೆ ಮಲಗಿಸಬಾರದು. ಹೊಲ ಅಥವಾ ಕಟ್ಟಡದ ಕೆಲಸದ ಸ್ಥಳದಲ್ಲಿ ಜೋಲಿಯ ಹೊರತು ಅನ್ಯ ಮಾರ್ಗವಿಲ್ಲದಿದ್ದರೆ, ಹಿರಿಯರೊಬ್ಬರು ಶಿಶುವಿನ ಮುಖವು ಕಾಣುವಷ್ಟು ಹತ್ತಿರದಲ್ಲಿರಬೇಕು ಮತ್ತು ಶಿಶುವು ನಿದ್ರೆಹೋದ ನಂತರ ಸಮತಟ್ಟಾದ ಜಾಗಕ್ಕೆ ಬದಲಾಯಿಸಬೇಕು. ಜೋಲಿಯ ತೂಗುವ ಕೆಲಸವನ್ನು ಚಿಕ್ಕ ಮಕ್ಕಳಿಗೆ ಒಪ್ಪಿಸಬಾರದು.

ಬಳಸಿದ ತೊಟ್ಟಿಲನ್ನು ಪಡೆಯುವವರಿಗೆ

ಬಂಧುಗಳಿಂದ ದೊರೆತ ಅಥವಾ ವಿದೇಶದಿಂದ ತಂದ ತೊಟ್ಟಿಲನ್ನು ಬಳಸುವ ಮುನ್ನ ಎಲ್ಲ ತಿರುಪುಗಳೂ ಭಾಗಗಳೂ ಇವೆಯೇ ಎಂದು ನೋಡುವುದು. ಬದಿಯು ಮೇಲೆ ಕೆಳಗೆ ಜಾರುವ ಹಳೆಯ ಮಾದರಿಯ ದೊಡ್ಡ ತೊಟ್ಟಿಲುಗಳ ಮಾರಾಟವನ್ನು ಅಮೆರಿಕವು 2011 ರಲ್ಲಿ ನಿಷೇಧಿಸಿದೆ. 10 ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಶಿಶು ಹಾಸಿಗೆಗಳನ್ನೂ ಬದಿಯ ಮೆತ್ತೆಗಳನ್ನೂ ನಿಷೇಧಿಸುವ ಕಾನೂನನ್ನು 2022 ರಲ್ಲಿ ತಂದಿದೆ. ಅಲ್ಲಿ ಮಾರಾಟಕ್ಕೆ ನಿಷಿದ್ಧವಾದ ವಸ್ತುವು ಇಲ್ಲಿ ಉಡುಗೊರೆಯಾಗಿ ಬಂದರೂ ಅಪಾಯವು ಕಡಿಮೆಯಾಗುವುದಿಲ್ಲ.

ಬಾಣಂತಿ ಕೋಣೆ

ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು, ಸ್ನಾನದ ನಂತರ ಶಿಶುವಿಗೆ ಸಾಂಬ್ರಾಣಿ ಹೊಗೆ ತೋರಿಸುವುದು ಹಳೆಯ ಪದ್ಧತಿಗಳು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲವು ತುಂಬಿ, ತಾಯಿ ಮತ್ತು ಶಿಶು ಇಬ್ಬರ ಪ್ರಾಣಕ್ಕೂ ಅಪಾಯವಾಗಬಹುದು. ಮಲಗುವ ಕೋಣೆಯಲ್ಲಿ ಕೆಂಡ, ಹೊಗೆ, ಬೀಡಿ, ಸಿಗರೇಟು ಯಾವುದೂ ಇರಬಾರದು. ಶಿಶುವಿಗೆ ಬೆಚ್ಚನೆಯ ಹತ್ತಿಬಟ್ಟೆ ಸಾಕು. ಚಳಿಯಿದ್ದಾಗ ಕುಲಾವಿ ಹಾಕಿದರೆ ಅದು ಮುಖದ ಮೇಲೆ ಜಾರದಂತೆ ನೋಡಿಕೊಳ್ಳುವುದು. ಸೆಖೆಯಲ್ಲಿ ಅದು ಬೇಡ. ಎದೆಯ ಭಾಗವನ್ನು ಮುಟ್ಟಿದಾಗ ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ ಎಂದರ್ಥ.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ?
ಉತ್ತರ: ಇಲ್ಲ. ಅಂಗಾತ ಮಲಗಿದಾಗ ಶ್ವಾಸನಾಳವು ಅನ್ನನಾಳದ ಮೇಲ್ಭಾಗದಲ್ಲಿರುತ್ತದೆ. ಹಾಲೂಡಿಸಿದ ಮೇಲೆ ತೇಗು ತರಿಸಿ ಮಲಗಿಸುವುದು. ಇದಕ್ಕಾಗಿ ತಲೆಯ ಕಡೆಯನ್ನು ಎತ್ತರಿಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮಂಚವಿಲ್ಲ. ತೊಟ್ಟಿಲನ್ನು ಕೊಳ್ಳಲೇಬೇಕೇ?
ಉತ್ತರ: ಕೊಳ್ಳಬೇಕಾಗಿಲ್ಲ. ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಮಡಿಸಿದ ಗಟ್ಟಿಯಾದ ಬಟ್ಟೆಯನ್ನು ಸುಕ್ಕಿಲ್ಲದಂತೆ ಹರಡಿ, ತಾಯಿಯ ಹಾಸಿಗೆಯಿಂದ ಒಂದು ಮೊಳ ದೂರದಲ್ಲಿ ಶಿಶುವನ್ನು ಮಲಗಿಸಬಹುದು. ನೆಲವು ತಣ್ಣಗಿರಬಾರದು. ಇರುವೆ, ಚೇಳು ಮುಂತಾದವುಗಳಿಂದ ರಕ್ಷಣೆಗಾಗಿ ಕೊಡೆಯಾಕಾರದ ಸೊಳ್ಳೆಪರದೆಯನ್ನು ಬಳಸುವುದು; ಅದು ಮುಖಕ್ಕೆ ತಾಗಬಾರದು.

ಪ್ರಶ್ನೆ: ಹಾಲೂಡಿಸುತ್ತಾ ತಾಯಿಗೆ ನಿದ್ರೆ ಬಂದರೆ?
ಉತ್ತರ: ಇದು ಸಹಜ. ನಿದ್ರೆ ಬರುವ ಸಂಭವವಿದ್ದರೆ ಸೋಫಾ ಅಥವಾ ಆರಾಮ ಕುರ್ಚಿಯಲ್ಲಿ ಹಾಲೂಡಿಸಬಾರದು. ಅಲ್ಲಿ ಅಪಾಯವು ಮಂಚಕ್ಕಿಂತ ಹೆಚ್ಚು. ಎಚ್ಚರವಾದ ಕೂಡಲೇ ಶಿಶುವನ್ನು ಅದರ ಜಾಗಕ್ಕೆ ಬದಲಾಯಿಸುವುದು. ಮದ್ಯ ಸೇವಿಸಿದವರು, ಧೂಮಪಾನ ಮಾಡುವವರು ಮತ್ತು ನಿದ್ರೆ ತರುವ ಔಷಧ ತೆಗೆದುಕೊಂಡವರು ಶಿಶುವಿನೊಂದಿಗೆ ಒಂದೇ ಹಾಸಿಗೆಯಲ್ಲಿ ಮಲಗಕೂಡದು. ಅವಧಿಗೆ ಮುನ್ನ ಜನಿಸಿದ ಅಥವಾ 2.5 ಕಿಲೋಗ್ರಾಂಗಿಂತ ಕಡಿಮೆ ತೂಕದ ಶಿಶುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಅಗತ್ಯ. ಇಂತಹ ಶಿಶುಗಳಿಗೆ ಕಾಂಗರೂ ಆರೈಕೆಯನ್ನು ಸೂಚಿಸಿದ್ದಲ್ಲಿ ಅದನ್ನು ವೈದ್ಯರ ಸಲಹೆಯಂತೆ ಮುಂದುವರಿಸುವುದು.

ದೊರೆಯುವ ಸೇವೆಗಳು

ಆಶಾ ಕಾರ್ಯಕರ್ತೆಯರ ಭೇಟಿ: ಮನೆ ಆಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹೆರಿಗೆಯಾದಲ್ಲಿ 3, 7, 14, 21, 28 ಮತ್ತು 42 ನೆಯ ದಿನಗಳಂದು ಆಶಾ ಕಾರ್ಯಕರ್ತೆಯು ಮನೆಗೆ ಭೇಟಿ ನೀಡುತ್ತಾರೆ. ಮನೆಯಲ್ಲಿ ಹೆರಿಗೆಯಾದಲ್ಲಿ ಮೊದಲನೆಯ ದಿನವೂ ಭೇಟಿ ಇರುತ್ತದೆ. ತಾಯಿ ಕಾರ್ಡನ್ನು ಸಿದ್ಧವಾಗಿಟ್ಟುಕೊಂಡು, ಶಿಶುವು ಮಲಗುವ ಜಾಗವನ್ನೂ ಅವರಿಗೆ ತೋರಿಸಿ ಸಲಹೆ ಪಡೆಯಬಹುದು.

ತುರ್ತು ಸಂದರ್ಭ: ಶಿಶುವು ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಉಸಿರಾಡುವಾಗ ಎದೆಗೂಡು ಒಳಸೆಳೆಯುತ್ತಿದ್ದರೆ, ಮೈ ತಣ್ಣಗಾಗಿದ್ದರೆ ಅಥವಾ ಸುಡುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಅಥವಾ ಸೆಳವು ಬಂದರೆ ತಡಮಾಡದೆ 108 ಕ್ಕೆ ಕರೆ ಮಾಡುವುದು. 2011 ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅಸ್ವಸ್ಥ ನವಜಾತ ಶಿಶುವಿನ ಚಿಕಿತ್ಸೆ, ಔಷಧ ಮತ್ತು ಸಾರಿಗೆ ಉಚಿತವಾಗಿರುತ್ತದೆ.

ಗ್ರಾಹಕರ ದೂರು: ಪೆಟ್ಟಿಗೆಯಲ್ಲಿ ಬರುವ ತೊಟ್ಟಿಲಿನ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ ಮತ್ತು ದೂರಿಗಾಗಿ ಸಂಪರ್ಕ ವಿವರ ಇರಬೇಕು. ರಸೀದಿ ಮತ್ತು ಸೂಚನಾ ಪುಸ್ತಿಕೆಯನ್ನು ಕಾಯ್ದಿರಿಸುವುದು. ದೋಷವಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ನ್ನು ಸಂಪರ್ಕಿಸಬಹುದು. ದೋಷಪೂರಿತ ವಸ್ತುವಿನಿಂದ ಹಾನಿಯಾದಲ್ಲಿ, ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ರ ಅನ್ವಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತವು 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿರುವುದಿಲ್ಲ.

ಪೋಷಕರ ಗಮನಕ್ಕೆ

ತೊಟ್ಟಿಲಿನ ಅಂದವಾಗಲೀ ಬೆಲೆಯಾಗಲೀ ಸುರಕ್ಷತೆಯ ಅಳತೆಗೋಲಲ್ಲ. ಹಗಲಿನಲ್ಲಿ ಶಿಶುವನ್ನು ನೋಡಿಕೊಳ್ಳುವ ಅಜ್ಜಿ, ಸಂಬಂಧಿಕರು ಹಾಗೂ ಸಹಾಯಕರಿಗೂ ಮೇಲ್ಕಂಡ ವಿಷಯಗಳನ್ನು ತಿಳಿಸತಕ್ಕದ್ದು. ರಾತ್ರಿ ಮಲಗುವ ಮುನ್ನ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ: ಶಿಶುವು ಅಂಗಾತವಾಗಿ ಮಲಗಿದೆಯೇ, ಮುಖದ ಸುತ್ತ ಏನೂ ಇಲ್ಲವೇ, ಪಕ್ಕದಲ್ಲಿ ಸಂದು ಇಲ್ಲವೇ.