ಪಥ್ಯವೂ ಬುತ್ತಿಯೂ

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ದೋರನಹಳ್ಳಿ ಎಂಬ ದೊಡ್ಡ ಗ್ರಾಮವುಂಟು. ಈ ಗ್ರಾಮದಲ್ಲಿಯೂ ಇದನ್ನು ಸುತ್ತುವರಿದ ಶಹಾಪುರ ಸುರಪುರಗಳ ಎರೆನೆಲದ ಸೀಮೆಯಲ್ಲಿಯೂ ಒಬ್ಬರಿಗೆ ಕ್ಯಾನ್ಸರ್ ಎಂಬ ಸುದ್ದಿ ಮನೆಯನ್ನು ಹೊಕ್ಕೊಡನೆ, ನೋಡಲು ಬಂದ ನೆರೆಯವರು ಹೊಸ್ತಿಲಲ್ಲಿಯೇ ಕೇಳುವ ಮಾತೊಂದಿದೆ: “ಪಥ್ಯ ಏನ್ ಹೇಳ್ಯಾರ?” ಔಷಧದ ಹೆಸರನ್ನು ಕೇಳುವುದಕ್ಕೆ ಮೊದಲೇ ಅನ್ನದ ವಿಚಾರವನ್ನು ಕೇಳುವ ಈ ರೂಢಿಯ ಹಿಂದೆ ದೀರ್ಘವಾದ ಚರಿತ್ರೆಯಿರುವುದರಿಂದ, ಆ ಚರಿತ್ರೆಯನ್ನು ಅರಿಯದೆ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲಾರದು.

‘ಪಥ’ವೆಂದರೆ ದಾರಿ. ದಾರಿಯನ್ನು ಬಿಟ್ಟು ತೊಲಗದಿರುವುದು ಪಥ್ಯವೆಂದೂ, ಅದು ಮನಸ್ಸಿಗೆ ಪ್ರಿಯವಾಗಿಯೂ ಇರಬೇಕೆಂದೂ ಚರಕಸಂಹಿತೆಯ ಅಭಿಪ್ರಾಯ. ಅದೇ ಮೂಲದಿಂದ ಹುಟ್ಟಿದ ‘ಪಾಥೇಯ’ವೆಂಬ ಶಬ್ದಕ್ಕೆ ನಮ್ಮ ಸೀಮೆಯವರು ಬುತ್ತಿಯೆಂದು ಕರೆಯುವ ದಾರಿಯ ಊಟವೆಂದರ್ಥ. ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು ಸುಮಾರು 1025ರಲ್ಲಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದೊಳಗೆ ಸೂಪಶಾಸ್ತ್ರವೂ ವೈದ್ಯವೂ ಒಂದೇ ಗ್ರಂಥದ ಅಧಿಕಾರಗಳಾಗಿ ಕುಳಿತಿರುವುದನ್ನು ನೋಡಿದರೆ, ಅಡುಗೆಮನೆಗೂ ಮದ್ದಿನ ಮನೆಗೂ ನಡುವೆ ಅಂದಿನವರು ಗೋಡೆಯನ್ನು ಕಟ್ಟಿರಲಿಲ್ಲವೆಂದು ತಿಳಿಯುತ್ತದೆ.

ಆದರೆ ಶಾಸ್ತ್ರದಿಂದ ಹಳ್ಳಿಯ ಮನೆಗಳಿಗೆ ಇಳಿದು ಬಂದ ಪಥ್ಯವು ಕಾಲಕ್ರಮದಲ್ಲಿ ಎರಡು ಕವಲುಗಳಾಯಿತು. ಮೊದಲನೆಯದು ಗಾಯದ ಪಥ್ಯ. ಹುಣ್ಣೋ ಕುರುವೋ ಆದವರಿಗೆ ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಶೇಂಗಾ ನಂಜು ಎಂದು ಒಂದೊಂದಾಗಿ ತಟ್ಟೆಯಿಂದ ತೆಗೆಯುತ್ತ ಹೋಗುವ ಕ್ರಮವದು. ಎರಡನೆಯದು ಬಾಣಂತಿಯ ಪಥ್ಯ. ಅಲ್ಲಿಯೂ ನಿಷೇಧಗಳು ಇಲ್ಲದಿಲ್ಲ. ಆದರೂ ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ತುಪ್ಪಗಳನ್ನು ಕೂಡಿಸಿ ಉಂಡಿ ಕಟ್ಟಿ, ಅಳವಿಯ ಪಾಯಸವನ್ನು ಕಾಸಿ, ಹೊತ್ತುಹೊತ್ತಿಗೆ ಬಿಸಿಯಾದುದನ್ನು ಕೊಟ್ಟು, ಸೋತ ಶರೀರವನ್ನು ಮತ್ತೆ ಕಟ್ಟುವುದೇ ಅದರ ಉದ್ದೇಶ. ಒಂದು ಕಳೆಯುವ ಪಥ್ಯ. ಇನ್ನೊಂದು ಕೂಡಿಸುವ ಪಥ್ಯ.

ಕ್ಯಾನ್ಸರ್ ಪೀಡಿತನಿಗೆ ನಮ್ಮ ಹಿರಿಯರು ಮೊದಲನೆಯದನ್ನು ವಿಧಿಸಿದುದು ಸಹಜವೇ ಆಗಿತ್ತು. ಗುಂಡಗೆ, ಗಟ್ಟಿಯಾಗಿ, ಆಳಕ್ಕೆ ಬೇರೂರಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗಟ್ಟದೆ ಉಳಿಯುವ ಮಾಂಸದ ಉಬ್ಬರವನ್ನು ಸುಶ್ರುತಸಂಹಿತೆಯು ‘ಅರ್ಬುದ’ವೆಂದು ಹೆಸರಿಸಿ ವ್ರಣದಿಂದ ಬೇರ್ಪಡಿಸಿದ್ದರೂ, ಹಳ್ಳಿಯ ಕಣ್ಣಿಗೆ ಅದು ಗಂಟು, ಮಾಯದ ಹುಣ್ಣು, ಹುಣ್ಣೆಂದ ಮೇಲೆ ನಂಜು, ನಂಜೆಂದ ಮೇಲೆ ವರ್ಜನೆ. ಗಂಟಿಗೆ ಅನ್ನ ಸಿಗದಿದ್ದರೆ ಅದು ತಾನೇ ಒಣಗುವುದೆಂಬ ನಂಬಿಕೆಯೂ ಇದರೊಡನೆ ಸೇರಿಕೊಂಡಿತು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಉಪವಾಸದಿಂದ ಗಂಟು ಸೊರಗುವುದಿಲ್ಲ, ರೋಗಿಯೇ ಸೊರಗುತ್ತಾನೆ. ಮಾಂಸಖಂಡಗಳು ಕರಗಿ ತೂಕ ಇಳಿದವನ ದೇಹವು ಚಿಕಿತ್ಸೆಯ ಭಾರವನ್ನು ತಾಳಲಾರದೆ ಹೋಗುತ್ತದೆ.

ನಿಜವಾಗಿ ವರ್ಜಿಸಬೇಕಾದುದೊಂದು ಇದ್ದಿತು. ಅದು ಮಾತ್ರ ತಾಂಬೂಲದ ತಟ್ಟೆಯಲ್ಲಿ ನಿರಾತಂಕವಾಗಿ ಕುಳಿತಿತ್ತು. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿಗಳ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು, 17ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ತಂಬಾಕನ್ನು ಕಂಡು ಬೆರಗಾಗಿ ಬಾದಶಹನಿಗೆ ಒಯ್ದು ಅರ್ಪಿಸಿದನೆಂಬುದು ಇತಿಹಾಸಪ್ರಸಿದ್ಧ. ಆಸ್ಥಾನದ ವೈದ್ಯರು ಆಗಲೇ ಸಂಶಯವನ್ನು ವ್ಯಕ್ತಪಡಿಸಿದರು. 1617ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿದನು. ಆದರೂ ಅದು ದಖ್ಖನಿನ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿಸಿಕೊಂಡು, ಎಲೆಯಡಿಕೆಯೊಡನೆ ಬೆರೆತು, ಕೊನೆಗೆ ಗುಟ್ಕಾ ಚೀಟಿಯಾಗಿ ಶಾಲೆಯ ಹುಡುಗರ ಜೇಬಿನವರೆಗೆ ನಡೆದು ಬಂದಿತು. ಕರ್ನಾಟಕ ಸರ್ಕಾರವು ಗುಟ್ಕಾವನ್ನು ನಿಷೇಧಿಸಿದುದು 2013ರಲ್ಲಿ. ತಂಬಾಕಿಲ್ಲದ ಬರಿಯ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಇಂದಿನ ವಿಜ್ಞಾನವು ನಿರ್ಣಯಿಸಿದೆ. ಬದನೆಕಾಯಿಯನ್ನು ತಡೆದ ಕೈ ತಂಬಾಕಿನ ಸಂಚಿಯನ್ನು ತಡೆಯಲಿಲ್ಲವೆಂಬುದು ನಮ್ಮ ಪಥ್ಯದ ಚರಿತ್ರೆಯ ಅತ್ಯಂತ ದುಃಖದ ಅಧ್ಯಾಯ.

ಈ ಸೀಮೆಯು ಹೈದರಾಬಾದ್ ರಾಜ್ಯದ ಗುಲ್ಬರ್ಗಾ ಜಿಲ್ಲೆಯೊಳಗಿದ್ದ ಕಾಲದಲ್ಲಿ, 1955ರಲ್ಲಿ, ಹೈದರಾಬಾದ್ ನಗರದಲ್ಲಿ ಕ್ಯಾನ್ಸರಿಗಾಗಿಯೇ ರೇಡಿಯಂ ಆಸ್ಪತ್ರೆಯೊಂದು ತೆರೆಯಿತು. ಅದು ಮುಂದೆ ಮೆಹದಿ ನವಾಜ್ ಜಂಗ್ ಅವರ ಹೆಸರಿನಿಂದ ಪ್ರಸಿದ್ಧವಾಯಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ, 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಸ್ಥಾಪಿತವಾಗಿ, ಅದರ ಕೇಂದ್ರವು ಕಲಬುರಗಿಗೂ ಬಂದು, ರೋಗಿಯ ದಾರಿ ಸ್ವಲ್ಪ ಮೊಟಕಾಯಿತು. ದಾರಿ ಎಷ್ಟೇ ಇರಲಿ, ಹೊರಟವರ ಬಗಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಕಟಿರೊಟ್ಟಿ, ಶೇಂಗಾಹಿಂಡಿ, ಅಗಸಿಹಿಂಡಿಗಳ ಬುತ್ತಿ ಇದ್ದೇ ಇರುತ್ತಿತ್ತು. ಪಥ್ಯವೂ ಪಾಥೇಯವೂ ಒಂದೇ ಬೇರಿನ ಚಿಗುರುಗಳೆಂಬುದನ್ನು ಆ ಗಂಟಿಗಿಂತ ಚೆನ್ನಾಗಿ ಯಾವ ನಿಘಂಟು ಹೇಳೀತು?

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕೃಷ್ಣೆಯ ಕಾಲುವೆಗಳು ಹರಿದ ಮೇಲೆ ಜೋಳದ ಅನೇಕ ಹೊಲಗಳು ಭತ್ತದ ಗದ್ದೆಗಳಾದವು; ರೊಟ್ಟಿಯ ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚಿತು. ಆದರೂ ಸಾರವತ್ತಾದ ಹಳೆಯ ಆಹಾರ ಇನ್ನೂ ಕೈಗೆಟುಕುವಷ್ಟು ದೂರದಲ್ಲಿಯೇ ಇದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10, ತೊಗರಿಬೇಳೆಯಲ್ಲಿ ಸುಮಾರು 22, ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಉಂಟು. ಕ್ಯಾನ್ಸರ್ ಪೀಡಿತರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಮಿಗಿಂತ ಅಧಿಕವಾಗಿ, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನು ಬೇಕೆಂದು ಪೋಷಣತಜ್ಞರು ಹೇಳುತ್ತಾರೆ. ಎಂದರೆ 50 ಕಿಲೋ ತೂಗುವವರಿಗೆ 50ರಿಂದ 75 ಗ್ರಾಂ. ಮೂತ್ರಪಿಂಡವೇ ಮೊದಲಾದ ಬೇರೆ ತೊಂದರೆಗಳಿದ್ದವರು ವೈದ್ಯರನ್ನು ಕೇಳಿ ಈ ಲೆಕ್ಕವನ್ನು ತಿದ್ದಿಕೊಳ್ಳತಕ್ಕದ್ದು.

ಆದುದರಿಂದ ಈ ರೋಗಿಗೆ ಸಲ್ಲತಕ್ಕದ್ದು ಗಾಯದ ಪಥ್ಯವಲ್ಲ, ಬಾಣಂತಿಯ ಪಥ್ಯ. ಮೂರು ಹೊತ್ತಿನ ತುಂಬು ಊಟಕ್ಕೆ ಬದಲು ಆರು ಹೊತ್ತಿನ ಕಿರು ಊಟ. ವಿಕಿರಣದಿಂದ ಬಾಯಿ ಹುಣ್ಣಾದವರಿಗೆ ಖಾರವೂ ಹುಳಿಯೂ ಬೇಡ; ಹಾಲಿನಲ್ಲಿ ನೆನೆಸಿದ ಬಿಸಿರೊಟ್ಟಿ, ಮೆತ್ತಗೆ ಬೆಂದ ಜೋಳದ ನುಚ್ಚು, ಹೆಸರುಬೇಳೆಯ ಕಿಚಡಿ, ನುಣ್ಣಗೆ ಅರೆದ ಶೇಂಗಾ ಬೆರೆಸಿದ ಗಂಜಿ ಒಳ್ಳೆಯವು. ತಿನ್ನುವವರಿಗೆ ಬೆಂದ ಮೊಟ್ಟೆ, ಮೀನುಗಳೂ ಒಳ್ಳೆಯವೇ. ಕಿಮೋಥೆರಪಿಯಿಂದ ರಕ್ತದ ಬಿಳಿಯ ಕಣಗಳು ಕುಗ್ಗಿದ ದಿನಗಳಲ್ಲಿ ಮಾತ್ರ ಹಿಂದಿನ ರಾತ್ರಿಯ ಅಂಬಲಿ, ಕಾಯಿಸದ ಹಾಲು, ತೊಳೆಯದ ಹಸಿ ಕಾಯಿಪಲ್ಯಗಳನ್ನು ಬಿಟ್ಟು, ಆಗತಾನೆ ಬೇಯಿಸಿದುದನ್ನು ಕೊಡಬೇಕು. ಯಾರೋ ತಂದುಕೊಟ್ಟ ಬೇರುತೊಗಟೆಯ ಪುಡಿಗಳು ಔಷಧದೊಡನೆ ಕಲಹವನ್ನು ಹೂಡಬಹುದಾದುದರಿಂದ ವೈದ್ಯರಿಗೆ ತಿಳಿಸದೆ ನುಂಗಲಾಗದು.

ಊಟದಷ್ಟೇ ಮುಖ್ಯವಾದುದು ನಡಿಗೆ. ಹಾಸಿಗೆಯಲ್ಲಿಯೇ ಉಳಿದ ದೇಹ ತಿಂದ ಅನ್ನವನ್ನು ಬಲವಾಗಿ ಪರಿವರ್ತಿಸಿಕೊಳ್ಳಲಾರದು. ಬೆಳಗಿನ ಎಳೆಬಿಸಿಲಿನಲ್ಲಿ ಓಣಿಯ ತುದಿಯವರೆಗೆ, ಶಕ್ತಿ ಬಂದಂತೆ ಹೊಲದ ಬದುವಿನವರೆಗೆ ನಡೆದರೆ ಚಿಕಿತ್ಸೆಯಿಂದ ಬಂದ ಆಯಾಸವೇ ಕಡಿಮೆಯಾಗುತ್ತದೆ. ಇನ್ನು ರೋಗಿಯ ತಟ್ಟೆ ಲೋಟಗಳನ್ನು ಬೇರಿಡುವ ಕ್ರೂರವಾದ ರೂಢಿಯನ್ನು ಇಂದೇ ಬಿಡಬೇಕು. ಈ ರೋಗ ಎಂಜಲಿನಿಂದ ಹರಡುವುದಲ್ಲ. ಮನಸ್ಸಿಗೆ ಪ್ರಿಯವಾದುದೇ ಪಥ್ಯವೆಂದ ಮೇಲೆ, ಮನೆಯ ಪಂಕ್ತಿಯಿಂದ ಎಬ್ಬಿಸಿ ಮೂಲೆಯಲ್ಲಿ ಬಡಿಸಿದ ಅನ್ನ ಹೇಗೆ ಪಥ್ಯವಾದೀತು?

“ಪಥ್ಯ ಏನ್ ಹೇಳ್ಯಾರ?” ಎಂದು ಕೇಳುತ್ತ ಹೊಸ್ತಿಲಲ್ಲಿ ನಿಂತ ನೆರೆಯಾಕೆ ಕೆಟ್ಟದ್ದನ್ನು ಬಯಸಿ ಬಂದವಳಲ್ಲ. ಬಾಣಂತನದ ಮನೆಗೆ ಹೋಗುವಾಗ ಸೆರಗಿನ ಮರೆಯಲ್ಲಿ ಅಂಟಿನ ಉಂಡಿಯನ್ನು ಒಯ್ಯಲು ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಉಂಡಿಯನ್ನೇ ಈ ಮನೆಗೂ ತಂದು, ರೋಗಿಯ ಬಳಿ ಕುಳಿತು, ಮುರಿದು ಅರ್ಧವನ್ನು ತಾನೂ ತಿಂದರೆ ಆಕೆಯ ಪ್ರಶ್ನೆಗೆ ಆಕೆಯೇ ಉತ್ತರವನ್ನು ಕೊಟ್ಟಂತಾಯಿತು.