ನೀರಿದ್ದೂ ಸಾಯುವ ಮೃಗಗಳು: ಬರಗಾಲ, ಮೇವು ಮತ್ತು ಕಾಡಿನ ಕಟ್ಟೆ

ಬೇಸಿಗೆಯಲ್ಲಿ ಟ್ಯಾಂಕರು ಕಾಡೊಳಗೆ ಹೋಗಿ ಒಣಗಿದ ಕಟ್ಟೆಗೆ ನೀರು ಸುರಿಯುವ ಚಿತ್ರ ಪತ್ರಿಕೆಯಲ್ಲಿ ಬಂದರೆ ಓದುಗರಿಗೆ ಸಮಾಧಾನವಾಗುತ್ತದೆ. ಬರಗಾಲದಲ್ಲಿ ಮೃಗಗಳು ಬಾಯಾರಿ ಸಾಯುತ್ತವೆ ಎಂಬ ನಂಬಿಕೆ ಆ ಸಮಾಧಾನದ ಬೇರು. ದೊಡ್ಡ ಬರಗಳ ದಾಖಲೆಗಳನ್ನು ಮುಂದಿಟ್ಟುಕೊಂಡರೆ ಈ ನಂಬಿಕೆ ಅಲುಗಾಡುತ್ತದೆ. ಮೇಯುವ ಪ್ರಾಣಿಗಳನ್ನು ಹೆಚ್ಚಾಗಿ ಕೊಲ್ಲುವುದು ಹಸಿವು. ಆ ಹಸಿವು ಯಾವ ಜಾಗದಲ್ಲಿ, ಯಾವ ಪ್ರಾಣಿಯನ್ನು ಹಿಡಿಯುತ್ತದೆ ಎಂಬುದನ್ನು ನೀರು ತೀರ್ಮಾನಿಸುತ್ತದೆ.

ಕೀನ್ಯಾದ ತ್ಸಾವೋ ರಾಷ್ಟ್ರೀಯ ಉದ್ಯಾನ ಇದಕ್ಕೆ ಹಳೆಯ ಸಾಕ್ಷಿ. 1970–71ರ ಬರದಲ್ಲಿ ಅಲ್ಲಿ ಸುಮಾರು 6,000 ಆನೆಗಳು ಸತ್ತವು. ಅವುಗಳಲ್ಲಿ ಹೆಣ್ಣಾನೆಗಳು ಮತ್ತು ಮರಿಗಳದು ದೊಡ್ಡ ಪಾಲು. ಮರಿಯಿರುವ ತಾಯಿ ನೀರು ಬಿಟ್ಟು ದೂರ ಹೋಗಲಾರಳು. ಹೊಳೆಯ ಆಸುಪಾಸಿನ ಮೇವು ತೀರಿದ ಮೇಲೂ ಅಲ್ಲೇ ಸುತ್ತಬೇಕು. ಆ ಕಟ್ಟಿಲ್ಲದ ಗಂಡಾನೆಗಳು ಮೇವಿದ್ದ ಕಡೆ ನಡೆದು ಹೆಚ್ಚಿನ ಸಂಖ್ಯೆಯಲ್ಲಿ ಉಳಿದವು.

ತ್ಸಾವೋದ ಹೊಳೆ ಪ್ರಕೃತಿಯದು. ಮನುಷ್ಯ ಕೊಟ್ಟ ನೀರು ಏನು ಮಾಡಿತು ಎಂಬುದು ದಕ್ಷಿಣ ಆಫ್ರಿಕಾದಲ್ಲಿ ಕಾಣುತ್ತದೆ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಕ್ಲಾಸೆರಿ ಖಾಸಗಿ ಅರಣ್ಯದಲ್ಲಿ ಕೃತಕ ನೀರಿನ ತಾಣಗಳು ಒತ್ತೊತ್ತಾಗಿದ್ದವು. 1982–83ರ ಬರದಲ್ಲಿ ಅಲ್ಲಿನ ಸಾವು ನೀರು ವಿರಳವಾಗಿದ್ದ ಕ್ರೂಗರ್ ಭಾಗಗಳಿಗಿಂತ ಹೆಚ್ಚಾಗಿತ್ತೆಂದು ಬ್ರಯಾನ್ ವಾಕರ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಎಲ್ಲೆಡೆ ನೀರಿದ್ದುದರಿಂದ ಒಳ್ಳೆಯ ಮಳೆಯ ವರ್ಷಗಳಲ್ಲೇ ಎಲ್ಲೆಡೆಯ ಹುಲ್ಲು ಮೇದು ಮುಗಿದಿತ್ತು. ಕಷ್ಟಕಾಲಕ್ಕೆ ಮೀಸಲೆಂದು ಒಂದು ಮೂಲೆಯೂ ಉಳಿದಿರಲಿಲ್ಲ. ಕ್ರೂಗರ್‌ನ ಉತ್ತರ ಬಯಲಿನಲ್ಲಿ ಇನ್ನೊಂದು ಬಗೆಯ ಪೆಟ್ಟು ಬಿತ್ತು. ಕೊಳವೆಬಾವಿಗಳ ಹೊಸ ನೀರಿಗೆ ಜೀಬ್ರಾಗಳು ಬಂದವು, ಅವುಗಳ ಬೆನ್ನಿಗೆ ಸಿಂಹಗಳು. 1986ರಲ್ಲಿ ಸುಮಾರು 450 ಇದ್ದ ರೋನ್ ಹುಲ್ಲೆಗಳು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿದವು. ಅಪರೂಪದ ಈ ಹುಲ್ಲೆಗೆ ಅನುಕೂಲವಾಗಲೆಂಬ ಆಸೆಯೂ ಆ ಕೊಳವೆಬಾವಿಗಳ ಹಿಂದಿತ್ತು. ಮುಂದೆ ಕ್ರೂಗರ್ ಆಡಳಿತ ಅನೇಕ ಕೊಳವೆಬಾವಿಗಳನ್ನು ಮುಚ್ಚಿತು.

ಈ ಪಾಠವನ್ನು ಬಂಡೀಪುರಕ್ಕೆ ಹಾಗೆಯೇ ತಂದು ಅಂಟಿಸಲಾಗದು. ಇಲ್ಲಿಯದು ಎಲೆಯುದುರುವ ಮರಗಳ ಕಾಡು, ಅಂಚಿಗೆ ಒತ್ತಿಕೊಂಡ ಹೊಲಗಳು. ಹುಲ್ಲು ಬೆಳೆಯಬೇಕಾದ ಜಾಗದಲ್ಲಿ ಲಂಟಾನ. ಆದರೂ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ ಕಾಡಿನ ಬಗ್ಗೆ ನಡೆದ ಚರ್ಚೆ ಬಹುಮಟ್ಟಿಗೆ ಕಟ್ಟೆ ತುಂಬಿಸುವುದರ ಸುತ್ತಲೇ ಸುತ್ತಿತು. ಈ ಕಟ್ಟೆಗಳಿಗೆ ಕೊಳವೆಬಾವಿಯಿಂದ ಸೌರ ಪಂಪು ಎತ್ತುವ ನೀರಾದರೂ ಎಲ್ಲಿಯದು? ಬಂಡೀಪುರದೊಳಗಿನ ಮೂಲೆಹೊಳೆ ಜಲಾನಯನದಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ನಡೆಸಿರುವ ದೀರ್ಘ ಅಧ್ಯಯನದ ಪ್ರಕಾರ, ಬಿದ್ದ ಮಳೆಯ ಬಹುಪಾಲನ್ನು ಆಳಕ್ಕೆ ಬೇರಿಳಿಸಿದ ಮರಗಳು ಹೀರಿ ಆವಿಯಾಗಿಸುತ್ತವೆ. ಅಂತರ್ಜಲಕ್ಕೆ ಇಂಗುವುದು ಅಲ್ಪ. ಕಾಡಿನಾಚೆ, ಅದೇ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ, ನೀರಾವರಿ ಕೊಳವೆಬಾವಿಗಳು ಜಲಮಟ್ಟವನ್ನು ಇಳಿಸಿ ಹಳ್ಳದ ಹರಿವನ್ನೇ ನುಂಗಿವೆ. ಕಾಡಿನ ಬಾವಿಗಳು ಎತ್ತುವುದು ಅದಕ್ಕಿಂತ ಬಹಳ ಕಡಿಮೆ, ನಿಜ. ಆದರೆ ಬರ ವರ್ಷಗಟ್ಟಲೆ ಮುಂದುವರಿದರೆ ಎರಡೂ ಕಡೆಯ ಇಂಗುವಿಕೆ ಒಟ್ಟಿಗೇ ಕುಗ್ಗುತ್ತದೆ.

ನೀರೂ ಮೇವೂ ಒಂದೇ ಕಡೆ ಸಿಗುವ ಜಾಗವೊಂದು ನಮ್ಮಲ್ಲಿದೆ: ಕಬಿನಿ ಹಿನ್ನೀರು. ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡಿನ ಭಾಗವನ್ನು ಮುಳುಗಿಸಿದ ಈ ಜಲಾಶಯ ಬೇಸಿಗೆಯಲ್ಲಿ ಇಳಿದಂತೆ, ಬಯಲಾದ ಕೆಸರಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ನಾಗರಹೊಳೆಯಿಂದಲೂ ಬಂಡೀಪುರದಿಂದಲೂ ಆನೆಗಳು ಅಲ್ಲಿ ಸೇರುವುದು ಈ ಹುಲ್ಲಿಗಾಗಿಯೂ ಹೌದು. ಗೇಟು ತೆರೆಯುವ ಲೆಕ್ಕದಲ್ಲಿ ಗದ್ದೆಯಿದೆ, ಊರಿನ ಕುಡಿಯುವ ನೀರಿದೆ, ತಮಿಳುನಾಡಿನ ಪಾಲಿದೆ. ಹಿನ್ನೀರಿನ ಹುಲ್ಲಿಗೂ ಅದರಲ್ಲೊಂದು ಸಾಲು ಬೇಕು.

ಕಟ್ಟೆಗಳನ್ನೆಲ್ಲ ಮುಚ್ಚಿ ಎಂಬುದು ಈ ಲೇಖನದ ವಾದವಲ್ಲ. ಕೆಲವನ್ನು ಸರದಿಯಂತೆ ಒಣಗಲು ಬಿಟ್ಟು ಅವುಗಳ ಸುತ್ತಲಿನ ಮೇವನ್ನು ಬರಕ್ಕೆಂದು ಉಳಿಸಿ ನೋಡಬೇಕು. ಜೊತೆಗೆ ಪ್ರತಿ ಬೇಸಿಗೆ ಕಟ್ಟೆಯ ನೀರಿನ ಮಟ್ಟ ಬರೆದುಕೊಳ್ಳುವವರು ಅದೇ ಪುಸ್ತಕದಲ್ಲಿ, ಅದರಿಂದ ಒಂದು, ಮೂರು ಮತ್ತು ಐದು ಕಿಲೋಮೀಟರ್ ದೂರದ ಹುಲ್ಲಿನ ಎತ್ತರವನ್ನೂ ಬರೆದಿಡಲಿ.