ಅದೃಷ್ಟವಂತನೆನಿಸಿಕೊಂಡ ಗುರು

ರೋಮಿನ ವಿಡಂಬನಕವಿ ಜುವೆನಾಲನು ಮೇಷ್ಟರುಗಳ ಬಡತನವನ್ನು ವರ್ಣಿಸುತ್ತ, ಕ್ವಿಂಟಿಲಿಯನನಿಗೆ ಮಾತ್ರ ಅಷ್ಟೊಂದು ಆಸ್ತಿ ಎಲ್ಲಿಂದ ಬಂತೆಂದು ಕೇಳುತ್ತಾನೆ. ಅವನ ಸಂಗತಿಯೇ ಬೇರೆ, ಅವನು ಅದೃಷ್ಟವಂತ ಎಂಬುದು ಅದಕ್ಕೆ ಕವಿಯೇ ಕೊಟ್ಟ ಉತ್ತರ. ಹೊರಗಿನಿಂದ ನೋಡಿದವರಿಗೆ ಹಾಗೆ ಕಂಡದ್ದು ಸಹಜ. ಕ್ರಿ.ಶ. 35ರ ಸುಮಾರಿಗೆ ಸ್ಪೇನಿನ ಕಲಗುರ್ರಿಸ್ ಎಂಬ ಊರಿನಲ್ಲಿ ಹುಟ್ಟಿದ ಈತ ರೋಮಿನಲ್ಲಿ 20 ವರ್ಷ ಭಾಷಣಕಲೆಯನ್ನು ಕಲಿಸಿದ. ಚಕ್ರವರ್ತಿ ವೆಸ್ಪೇಸಿಯನನು ಇಂಥ ಗುರುಗಳಿಗೆ ಬೊಕ್ಕಸದಿಂದ ಗೊತ್ತುಮಾಡಿದ್ದ ಸಂಬಳ ವರ್ಷಕ್ಕೆ 1,00,000 ಸೆಸ್ಟರ್ಸ್. ಆಗ ಸಾಮಾನ್ಯ ಸೈನಿಕನಿಗೆ ಸಿಗುತ್ತಿದ್ದುದು 900. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನ್ನಂಥವನ ಕಣ್ಣು ಮೊದಲು ಇಲ್ಲಿಗೇ ಹೋಗುತ್ತದೆ!

ನಿವೃತ್ತನಾದ ಮೇಲೆ ಅವನು ವಾಗ್ಮಿಯ ಶಿಕ್ಷಣವನ್ನು ಕುರಿತು 12 ಭಾಗಗಳ ಗ್ರಂಥ ಬರೆದ. ಸಜ್ಜನನಲ್ಲದವನು ವಾಗ್ಮಿಯಾಗಲಾರ ಎಂಬುದೇ ಅದರ ತಿರುಳು. ಮಾತು ಹಿಂದಿನ ಕೇಟೋವಿನದು. ಅದನ್ನು ತೊಟ್ಟಿಲಿನಿಂದಲೇ ಆರಂಭವಾಗುವ ಪಾಠಕ್ರಮವಾಗಿಸಿದವನು ಕ್ವಿಂಟಿಲಿಯನ್. ಗದರಿಕೆಗೆ ಬಗ್ಗದ ಹುಡುಗ ಹೊಡೆತಕ್ಕೂ ಮೊಂಡು ಬೀಳುತ್ತಾನೆ, ಆದ್ದರಿಂದ ಹೊಡೆಯಬೇಡಿ ಎಂದ. ಲ್ಯಾಟಿನ್ ಹೇಗೂ ಸುತ್ತಲಿನವರ ಬಾಯಿಂದ ಬರುತ್ತದೆ, ಗ್ರೀಕಿನಿಂದ ಆರಂಭಿಸಿ, ಆದರೆ ಬೇಗನೆ ಎರಡನ್ನೂ ಜೊತೆಯಲ್ಲಿ ನಡೆಸಿ ಎಂದ. ಎರಡು ನುಡಿಗಳ ನಡುವೆ ಮಕ್ಕಳನ್ನು ಬೆಳೆಸುವ ನಮ್ಮ ಮನೆಗಳಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ಆರನೆಯ ಭಾಗಕ್ಕೆ ಬಂದಾಗ ಬರವಣಿಗೆ ಥಟ್ಟನೆ ಬದಲಾಗುತ್ತದೆ. ಹೆಂಡತಿ 19 ತುಂಬುವ ಮೊದಲೇ ತೀರಿಕೊಂಡಿದ್ದಳು. ಐದು ದಾಟಿದ ಕಿರಿಯ ಮಗನೂ ಹೋದ. ಉಳಿದ ಹಿರಿಯನಿಗೆ ಈ ಗ್ರಂಥವೇ ಪಿತ್ರಾರ್ಜಿತವಾಗಲಿ ಎಂದು ತಂದೆ ಬರೆಯುತ್ತಿದ್ದ. ಎಂಟು ತಿಂಗಳ ಕಾಯಿಲೆಯ ನಂತರ ಅವನೂ ಹೋದ. ಕೊನೆಯ ಗಳಿಗೆಯ ಬಡಬಡಿಕೆಯಲ್ಲೂ ಆ ಹುಡುಗ ಶಾಲೆ, ಪಾಠ ಎನ್ನುತ್ತಿದ್ದನಂತೆ. ತಂದೆ ಇಲ್ಲಿ ವಿಧಿಯನ್ನು ಬಾಯಿಬಿಟ್ಟು ದೂರುತ್ತಾನೆ. ಆಮೇಲೆ, ದುಃಖವನ್ನು ಬಹುಕಾಲ ಉಳಿಸಿಕೊಳ್ಳುವುದು ನಮ್ಮದೇ ತಪ್ಪು, ವಿದ್ಯೆಯೊಂದೇ ಆಸರೆ ಎಂದು ಬರವಣಿಗೆಯನ್ನು ಮುಂದುವರಿಸುತ್ತಾನೆ. ನನಗೆ ಅವನ ದೂರು ಆ ಸಮಾಧಾನಕ್ಕಿಂತ ಹೆಚ್ಚು ನಿಜವೆನಿಸುತ್ತದೆ.

ಸಜ್ಜನಿಕೆಯನ್ನು ಬೋಧಿಸಿದ ಇವನೇ ಕ್ರೂರಿ ಡೊಮಿಷಿಯನನನ್ನು ದೇವರಂತೆ ಹೊಗಳಿದ್ದಾನೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆ ದೊರೆಯ ಬಂಧು ಫ್ಲೇವಿಯಸ್ ಕ್ಲೆಮೆನ್ಸನ ಮಕ್ಕಳಿಗೆ ಪಾಠ ಹೇಳುವ ಗೌರವ ಅವನಿಗೆ ಸಿಕ್ಕಿತ್ತು. ಕ್ರಿ.ಶ. 95ರಲ್ಲಿ ಆ ಕ್ಲೆಮೆನ್ಸನನ್ನೇ ದೊರೆ ಕೊಲ್ಲಿಸಿದ.

ಮಗನಿಗೆಂದು ಬರೆದ ಗ್ರಂಥದ ಪೂರ್ಣ ಪ್ರತಿ 1416ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ, ಬೂಷ್ಟು ಹಿಡಿದು ಧೂಳು ಮೆತ್ತಿದ ಸ್ಥಿತಿಯಲ್ಲಿ, ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚೊಲಿನಿಯ ಕೈಗೆ ಸಿಕ್ಕಿತು. ಅವನು ಕೂಡಲೇ ಕುಳಿತು ತನ್ನ ಕೈಯಿಂದಲೇ ಅದನ್ನು ನಕಲು ಮಾಡಿಕೊಂಡ.